ನಾನು ತೆಗೆದುಹಾಕಿದ ಎಚ್ಚರಿಕೆ

ನನ್ನ ತಂಗಿಯ ಮಗಳು ತಾಂಡೂರಿನಲ್ಲಿದ್ದಾಳೆ. ಅಲ್ಲಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳಿಗೆ, ತೊಗರಿಬೇಳೆಯ ಮಿಲ್ಲುಗಳಿಗೆ ವೆಬ್ ಪುಟಗಳನ್ನು ಕಟ್ಟಿಕೊಡುವುದು ಅವಳ ಕೆಲಸ. ನಾನು ಜಹೀರಾಬಾದಿನಲ್ಲಿ ತಹಸೀಲ್ ಕಚೇರಿಯ ಎದುರು ಬಹುಕಾಲ ಅರ್ಜಿ ಟೈಪ್ ಮಾಡಿ ಬದುಕಿದವನು. ಹತ್ತನೆಯ ತರಗತಿಯವರೆಗೆ ಓದಿದ್ದೇನೆ. ನನಗೂ ಅವಳ ಕೆಲಸಕ್ಕೂ ನಂಟು ಬೆಳೆದದ್ದು ಹೇಗೆಂದು ಮೊದಲು ಹೇಳುತ್ತೇನೆ. ನನ್ನ ತಪ್ಪು ಬೇರೆ ಎಲ್ಲಿಂದಲೂ ಬರಲಿಲ್ಲ, ಆ ನಂಟಿನ ಒಳಗಿಂದಲೇ ಬಂತು.

ಒಮ್ಮೆ ಅವಳು ನಮ್ಮ ಮನೆಗೆ ಬಂದಾಗ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಅವಳು ಬಳಸುವುದು ಜಾವಾ ಎಂಬ ಕಂಪ್ಯೂಟರ್ ಭಾಷೆ. ಆ ಭಾಷೆಯಲ್ಲಿ ವೆಬ್ ಪುಟ ಕಟ್ಟುವವರಿಗೆಂದು ಯಾರೋ ಮೊದಲೇ ಮಾಡಿಟ್ಟ ಫ್ರೇಮ್‌ವರ್ಕ್ ಒಂದಿದೆ. ನಮ್ಮ ಕಾಲದಲ್ಲಿ ಅರ್ಜಿಯ ತಲೆಭಾಗ, ಸಹಿಯ ಜಾಗ ಎಲ್ಲ ಅಚ್ಚಾಗಿ ಬಂದಿರುತ್ತಿತ್ತು, ನಡುವಿನ ವಿಷಯವನ್ನಷ್ಟೇ ನಾವು ಟೈಪ್ ಮಾಡುತ್ತಿದ್ದೆವು. ಇದೂ ಹಾಗೆಯೇ ಎಂದು ನಾನು ತಿಳಿದುಕೊಂಡೆ. ಅದನ್ನು ಬಳಸುವುದು ಹೇಗೆಂದು ಹೇಳುವ ದೊಡ್ಡ ಕೈಪಿಡಿ ಇಂಗ್ಲಿಷಿನಲ್ಲಿದೆ. ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ಓದಬಹುದು.

"ಮಾಮಾ, ಇದನ್ನ ಜರಾ ಗಟ್ಟಿಯಾಗಿ ಓದ್ರಿ. ನೀವು ಓದ್ಕೋತ ಹೋದಂಗ ನಾ ಮಾಡ್ಕೋತ ಹೋಗ್ತೀನಿ" ಎಂದಳು.

ಓದಿದೆ. ಕೆಲವು ಸಾಲು ಕಳೆದ ಮೇಲೆ ನಿಲ್ಲಿಸಿದೆ.

"ಈ ಫೈಲ್ ಮಾಡು ಅಂತ ಬರದಾರ. ಮಾಡಿ ಎಲ್ಲಿಡಬೇಕು? ಅದು ಹೇಳಿಲ್ಲಲ್ಲವ್ವಾ."

"ಅದು ಎಲ್ಲಾರಿಗೂ ಗೊತ್ತಿರ್ತದ್ರಿ."

"ನಂಗ ಗೊತ್ತಿಲ್ಲ."

"ನೀವೆಲ್ಲಿ ಎಲ್ಲಾರೂ ಆದ್ರಿ ಮಾಮಾ?" ಎಂದು ನಕ್ಕಳು. ಆಮೇಲೆ ಪರದೆಯ ಕಡೆ ಬಗ್ಗಿ ಆ ಫೈಲನ್ನು ಹುಡುಕಿದಳು. ಅವಳು ಆ ಫೈಲನ್ನು ಇಟ್ಟ ಜಾಗವೇ ತಪ್ಪಾಗಿತ್ತು. ಮುಂಜಾನೆಯಿಂದ ಗೊಣಗಿದ್ದಕ್ಕೆ ಕಾರಣ ಅದೇ.

"ಇದನ್ನ ಅವ್ರಿಗಿ ಬರೀರಿ" ಎಂದಳು. "ಈ ಕೈಪಿಡಿ ತಿದ್ದಾಕ ಯಾರಿಗೂ ಬ್ಯಾಡ ಅನ್ನಂಗಿಲ್ಲ. ನಾವು ತಿದ್ದಿ ಕಳಿಸಿದ್ರ ಅವ್ರು ನೋಡಿ, ಬರೋಬ್ಬರಿ ಅನಿಸಿದ್ರ ಸೇರಿಸ್ತಾರ."

ನನಗೆ ನಂಬಿಕೆ ಬರಲಿಲ್ಲ. ತಹಸೀಲ್ ಕಚೇರಿಯ ಸುತ್ತೋಲೆಯಲ್ಲಿ ಒಂದು ಅಕ್ಷರ ತಪ್ಪಿದ್ದರೂ ಅದನ್ನು ಹಾಗೆಯೇ ಟೈಪ್ ಮಾಡಬೇಕಾಗಿದ್ದವನು ನಾನು. ಅವಳು ಹೇಳಿಕೊಟ್ಟಂತೆ ಒಂದು ಸಾಲು ಸೇರಿಸಿ ಕಳಿಸಿದೆ. ಒಂದೆರಡು ದಿನದಲ್ಲಿ ಯಾವುದೋ ದೇಶದಿಂದ ಉತ್ತರ ಬಂತು. ಧನ್ಯವಾದ, ಸೇರಿಸಿದ್ದೇವೆ ಎಂದಿತ್ತು. ಪುಟ ತೆರೆದು ನೋಡಿದರೆ ನನ್ನ ಸಾಲು ಅಲ್ಲಿ ಕೂತಿತ್ತು.

ಅಂದಿನಿಂದ ನನಗೆ ಅದೇ ಹುಚ್ಚು. ಸೊಸೆ ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೇ ಬಿಟ್ಟುಕೊಟ್ಟಳು. ತಂಗಿಯ ಮಗಳನ್ನು ನಾವು ಸೊಸೆ ಎಂದೇ ಕರೆಯುವುದು. ಫೋನಿನಲ್ಲಿ ಒಂದಿಷ್ಟು ಜಾವಾ ಹೇಳಿಕೊಟ್ಟಳು. ನನ್ನ ತಲೆಗೆ ಹತ್ತಿದ್ದು ಬಹಳವೇನೂ ಅಲ್ಲ. ಸಣ್ಣ ಪುಟವೊಂದನ್ನು ಎಬ್ಬಿಸಿ ನಿಲ್ಲಿಸುವಷ್ಟು ಬಂತು. ನನ್ನ ಕೆಲಸಕ್ಕೆ ಅಷ್ಟು ಸಾಕಾಗಿತ್ತು. ಕೈಪಿಡಿಯಲ್ಲಿ ಏನು ಬರೆದಿದೆಯೋ ಅದನ್ನಷ್ಟೇ ಮಾಡುವುದು, ಸ್ವಂತ ಬುದ್ಧಿ ಸೇರಿಸದಿರುವುದು, ಎಲ್ಲಿ ಸಿಕ್ಕಿಬೀಳುತ್ತೇನೋ ಅಲ್ಲಿ ತಿದ್ದುವುದು. ಇದೇ ನನ್ನ ಪದ್ಧತಿ.

ಎಷ್ಟೊಂದು ಕುತೂಹಲದ ಸಂಗತಿಗಳು ಸಿಕ್ಕವು! ಒಂದು ಅಧ್ಯಾಯದಲ್ಲಿ ಹೇಳಿದ ಹೆಸರು ಇನ್ನೊಂದರಲ್ಲಿ ಬೇರೆಯಾಗಿತ್ತು. ಕೆಲವು ಉದಾಹರಣೆಗಳು ಹಳೆಯ ಆವೃತ್ತಿಯವು, ಹೊಸದರಲ್ಲಿ ಓಡುತ್ತಲೇ ಇರಲಿಲ್ಲ. ಇನ್ನು 'ಸರಳವಾಗಿ ಹೀಗೆ ಮಾಡಿ' ಎಂದು ಬರೆದ ಕಡೆಯೆಲ್ಲ ನಾನು ಎಡವುತ್ತಿದ್ದೆ. ಬರೆದವನಿಗೆ ಅದು ಸರಳ, ಅಷ್ಟೇ. ಆ ಮಾತನ್ನು ಕಂಡಲ್ಲೆಲ್ಲ ತೆಗೆದು ಕಳಿಸಿದೆ. ನನ್ನ ತಿದ್ದುಪಡಿಗಳನ್ನು ನೋಡುವ ಪರಿಶೀಲಕರು ಹೆಚ್ಚಾಗಿ ಒಬ್ಬರೇ. ಅವರು ಗಂಡಸೋ ಹೆಂಗಸೋ, ಯಾವ ಊರಿನವರೋ ನನಗೆ ಇವತ್ತಿಗೂ ತಿಳಿಯದು. ನಾನು ಬೆಳಗಿನ ಚಹಾ ಕುಡಿಯುವ ಹೊತ್ತಿಗೆ ಅವರ ಉತ್ತರ ಬರುತ್ತಿತ್ತು. ಅಲ್ಲಿ ಆಗ ಸಂಜೆಯಿರಬಹುದೆ, ಊಟ ಮುಗಿಸಿ ಕೂತಿರಬಹುದೆ ಎಂದು ಯೋಚಿಸುತ್ತಿದ್ದೆ. ಅವರು ಪ್ರತಿ ಸಲ ಕೇಳುವ ಪ್ರಶ್ನೆ ಒಂದೇ: "ಇದನ್ನು ಓಡಿಸಿ ನೋಡಿದ್ದೀರಾ?" ನೋಡಿದ್ದೇನೆ ಎಂದು ಬರೆಯುತ್ತಿದ್ದೆ. ಅದು ನಿಜವೇ ಆಗಿರುತ್ತಿತ್ತು. ಬರಬರುತ್ತ ಅವರು ಆ ಪ್ರಶ್ನೆಯನ್ನು ಕೇಳುವುದನ್ನೂ ಕಡಿಮೆ ಮಾಡಿದರು.

ಅವರ ನಂಬಿಕೆ ಬೆಳೆದಂತೆ ನನ್ನ ಧೈರ್ಯವೂ ಬೆಳೆಯಿತು. ಸೇರಿಸುವುದಕ್ಕಿಂತ ತೆಗೆಯುವುದರಲ್ಲಿ ರುಚಿ ಹತ್ತಿತು. ಕಚೇರಿಯ ಎದುರು ಕೂತಾಗಲೂ ನನ್ನ ಹೆಸರು ಇದ್ದದ್ದು ಅದಕ್ಕೇ. ಜನ ತಮ್ಮ ಕತೆಯನ್ನು ಅಜ್ಜನ ಕಾಲದಿಂದ ಶುರುಮಾಡುತ್ತಿದ್ದರು, ನಾನು ಅದನ್ನು ಅರ್ಧ ಪುಟಕ್ಕೆ ಇಳಿಸುತ್ತಿದ್ದೆ. ಸಾಹೇಬರು ಉದ್ದದ ಅರ್ಜಿ ಓದುವುದಿಲ್ಲ ಎನ್ನುವುದು ನಮ್ಮ ಬೆಂಚಿನವರಿಗೆಲ್ಲ ಗೊತ್ತಿದ್ದ ಮಾತು. ಕೈಪಿಡಿಯಲ್ಲಿ ಬಣ್ಣದ ಚೌಕದೊಳಗೆ ಹಾಕಿದ ಎಚ್ಚರಿಕೆಗಳು ಬಹಳ. ಓದುವವನನ್ನು ಸುಮ್ಮನೆ ಹೆದರಿಸುತ್ತವೆ ಎಂದು ನನಗೆ ಅನ್ನಿಸುತ್ತಿತ್ತು.

ಹೀಗಿರುವಾಗ ಭಾಷೆಗಳ ಅಧ್ಯಾಯಕ್ಕೆ ಬಂದೆ. ಇಡೀ ಕೈಪಿಡಿಯಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಅಧ್ಯಾಯ ಅದು. ನಾವು ಯಾವುದೇ ಪುಟ ತೆರೆದರೂ ನಮ್ಮ ಬ್ರೌಸರು ಆ ಕಡೆಯವರಿಗೆ ಗುಟ್ಟಾಗಿ ಒಂದು ಮಾತು ಹೇಳುತ್ತದಂತೆ: ಇವರಿಗೆ ಮೊದಲು ಈ ಭಾಷೆ ಬೇಕು, ಅದಿಲ್ಲದಿದ್ದರೆ ಇದು, ಅದೂ ಇಲ್ಲದಿದ್ದರೆ ಇನ್ನೊಂದು. ಇಷ್ಟು ವರ್ಷ ನನ್ನ ಫೋನು ನನ್ನ ಪರವಾಗಿ ಹೀಗೆ ಮಾತಾಡುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಪುಟ ಕಟ್ಟುವವರು ಒಂದೊಂದು ಭಾಷೆಗೂ ಒಂದೊಂದು ಕಡತ, ಅಂದರೆ ಆ ಭಾಷೆಯ ಸಂದೇಶಗಳಿರುವ ಫೈಲ್, ಇಡುತ್ತಾರೆ. ಜೊತೆಗೆ ಯಾವ ಭಾಷೆಯ ಗುರುತೂ ಇಲ್ಲದ ಒಂದು ಮೂಲ ಕಡತ ಇರುತ್ತದೆ. ಬೇರೆ ಯಾವುದೂ ಸಿಗದಾಗ ಅದು.

ಅಲ್ಲಿ ಒಂದು ಎಚ್ಚರಿಕೆ ಇತ್ತು. ಕೇಳಿದ ಭಾಷೆಗೆ ಪ್ರತ್ಯೇಕ ಕಡತ ಇಲ್ಲದಿದ್ದರೆ ಮೂಲ ಕಡತಕ್ಕೆ ಹೋಗುವ ಮೊದಲು, ತಾನು ಯಾವ ಕಂಪ್ಯೂಟರಿನಲ್ಲಿ ಓಡುತ್ತಿದೆಯೋ ಅದಕ್ಕೆ ಹೊಂದಿಸಿಟ್ಟ ಭಾಷೆಯ ಕಡತವನ್ನು ಫ್ರೇಮ್‌ವರ್ಕ್ ನೋಡುತ್ತದೆ. ಇದು ಬೇಡವಾದರೆ ಹೀಗೆ ನಿಲ್ಲಿಸಿ, ಎಂದು.

ನಾನು ಪರೀಕ್ಷಿಸಿದೆ. ಮೂಲ ಕಡತವನ್ನು ಕನ್ನಡದಲ್ಲಿ ಬರೆದೆ. ತೆಲುಗಿಗೆ ಒಂದು, ಇಂಗ್ಲಿಷಿಗೆ ಒಂದು ಕಡತ ಇಟ್ಟೆ. ಆಮೇಲೆ ಮರಾಠಿಯಲ್ಲಿ ಕೇಳಿದೆ. ಉತ್ತರ ತೆಲುಗಿನಲ್ಲಿ ಬಂತು, ಏಕೆಂದರೆ ನನ್ನ ಲ್ಯಾಪ್‌ಟಾಪು ತೆಲುಗಿನಲ್ಲಿತ್ತು. ಎಚ್ಚರಿಕೆ ಹೇಳಿದ್ದು ಸರಿಯಾಗಿ ಅದನ್ನೇ. ಆದರೆ ನನಗೆ ಅದರಲ್ಲಿ ಎಚ್ಚರಪಡುವಂಥದು ಏನೂ ಕಾಣಲಿಲ್ಲ. ಜಹೀರಾಬಾದಿನಲ್ಲಿ ಮರಾಠಿಯಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಬರುವುದು, ಕನ್ನಡದಲ್ಲಿ ಕೇಳಿದರೆ ಉರ್ದುವಿನಲ್ಲಿ ಬರುವುದು ದಿನಬೆಳಗಾದರೆ ನಡೆಯುವ ಸಂಗತಿ. ನಮ್ಮ ಮನೆಯಲ್ಲೇ ನಾನು ಕನ್ನಡದಲ್ಲಿ ಬೈದರೆ ಹಾಲಿನವನು ತೆಲುಗಿನಲ್ಲಿ ಸಮಜಾಯಿಷಿ ಹೇಳುತ್ತಾನೆ. ಉತ್ತರ ಬಂತಲ್ಲ, ಇನ್ನೇನು? ಆ ಚೌಕವನ್ನು ಪೂರ್ತಿ ತೆಗೆದೆ. ಅದರ ಜಾಗದಲ್ಲಿ ಒಂದೇ ವಾಕ್ಯ ಬರೆದೆ: ಕೇಳಿದ ಭಾಷೆಯ ಕಡತ ಇಲ್ಲದಿದ್ದರೆ, ಇರುವ ಕಡತದಿಂದ ಸಂದೇಶ ಬರುತ್ತದೆ. ಓದಲು ಎಷ್ಟು ಹಗುರಾಗಿದೆ ಎಂದು ನನಗೆ ನಾನೇ ಮೆಚ್ಚಿಕೊಂಡೆ.

ಈ ಸಲ ಪರಿಶೀಲಕರು ಕೇಳಿದರು: "ಎಚ್ಚರಿಕೆ ಬೇಕಿಲ್ಲ ಎನ್ನುವುದು ಖಚಿತವೇ?"

"ಓಡಿಸಿ ನೋಡಿದ್ದೇನೆ" ಎಂದು ಬರೆದೆ.

ಅವರು ಕೇಳಿದ್ದು ಬೇರೆ, ನಾನು ಹೇಳಿದ್ದು ಬೇರೆ. ಕಳಿಸುವಾಗ ಮನಸ್ಸಿನ ಮೂಲೆಯಲ್ಲಿ ಅದು ಚುಚ್ಚಿತ್ತು. ಆದರೂ ಕಳಿಸಿದೆ. ಅವರು ಒಪ್ಪಿಕೊಂಡರು.

ಮಳೆಗಾಲ ಕಳೆದ ಮೇಲೆ ಸೊಸೆಗೆ ನಾರಾಯಣಖೇಡದ ಒಂದು ದವಾಖಾನೆಯ ಕೆಲಸ ಸಿಕ್ಕಿತು. ಕಲ್ಲು, ಬೇಳೆ ಬಿಟ್ಟು ಅವಳು ಮಾಡಿದ ಮೊದಲ ಕೆಲಸ. ರಕ್ತಪರೀಕ್ಷೆಗೆ ಬರುವವರಿಗೆ ಹಿಂದಿನ ದಿನ ಅವರ ಫೋನಿಗೆ ಸಂದೇಶ ಹೋಗಬೇಕು: ಇಷ್ಟು ಹೊತ್ತಿಗೆ ಬನ್ನಿ, ಬರುವ ಮೊದಲು ಏನನ್ನೂ ತಿನ್ನಬೇಡಿ. ತೆಲುಗು, ಕನ್ನಡ, ಇಂಗ್ಲಿಷ್, ಯಾವುದು ಬೇಕೆಂದು ಕೌಂಟರಿನಲ್ಲಿ ಕೇಳಿ ಗುರುತು ಹಾಕುತ್ತಾರೆ. ಗಡಿಗೆ ಹೊಂದಿದ ನಾಗಲಗಿದ್ದದ ಕಡೆಯ ಮನೆಗಳಲ್ಲಿ ಫೋನು ಓದುವವರು ಬಹುತೇಕ ಗಡಿಯಾಚೆಯಿಂದ ಮದುವೆಯಾಗಿ ಬಂದ ಸೊಸೆಯರು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ. ಡಾಕ್ಟರಮ್ಮ ಬೀದರಿನ ಕಡೆಯವರಾದ್ದರಿಂದ ಈ ಸಂಗತಿ ಅವರಿಗೆ ಗೊತ್ತಿತ್ತು. ಇದು ಚೆನ್ನಾಗಿ ನಡೆದರೆ ಇನ್ನೂ ಕೆಲವು ಡಾಕ್ಟರುಗಳಿಗೆ ಹೇಳುತ್ತೇನೆ ಎಂದಿದ್ದರು.

ಕೆಲಸ ಶುರುವಾಗಿ ಕೆಲವೇ ದಿನಕ್ಕೆ ಸೊಸೆಯ ಫೋನು ಬಂತು. "ಮಾಮಾ, ಮಂದಿ ಉಂಡು ಬರ್ಲಿಕತ್ತಾರಂತ. ಡಾಕ್ಟರ್ ಸಿಟ್ಟಿಗೆದ್ದಾರ. ನಾ ನಾಳಿ ಖೇಡಕ್ಕ ಹೊಂಟೀನಿ, ನೀವೂ ಬರ್ರಿ. ಒಬ್ಬಾಕಿ ಹೋಗಾಕ ಮನಸ್ಸಾಗವಲ್ದು."

ಜಹೀರಾಬಾದಿನಲ್ಲಿ ಅವಳು ಬಸ್ ಬದಲಿಸುವಾಗ ನಾನೂ ಹತ್ತಿದೆ. ನಿಜ ಹೇಳಬೇಕೆಂದರೆ ನಾನು ಹೋದದ್ದು ಅವಳಿಗೆ ಧೈರ್ಯ ಕೊಡಲಿಕ್ಕಲ್ಲ. ಅವಳ ಪುಟ ನಿಜವಾದ ಜನರ ನಡುವೆ ಹೇಗೆ ನಡೆಯುತ್ತದೆಂದು ನೋಡುವ ಆಸೆ.

ದವಾಖಾನೆಯಲ್ಲಿ ಒಬ್ಬ ಮುದುಕಿ ಸೆರಗು ಬಿಗಿದು ಲ್ಯಾಬಿನವನ ಮುಂದೆ ನಿಂತಿದ್ದಳು.

"ಅವ್ವಾ, ನಾಳಿ ಬರ್ರಿ. ಖಾಲಿ ಹೊಟ್ಟೀಲೆ ಬರ್ಬೇಕು" ಎಂದು ಅವನು ಹೇಳುತ್ತಿದ್ದ.

"ರೊಟ್ಟಿ ತಿಂದೀನಿ, ಪುಂಡಿಪಲ್ಯಾ ತಿಂದೀನಿ. ತಿನ್ಬ್ಯಾಡ ಅಂದವ್ರು ಯಾರು? ನಾಳಿ ಬಸ್ನ್ಯಾಗ ನನ್ ಬದ್ಲಿ ನೀ ಕುಂತು ಬರ್ತೀಯೇನು?"

"ಫೋನಿಗಿ ಕಳ್ಸೀವಲ್ರಿ."

ಮುದುಕಿಯ ಸೊಸೆ ಫೋನನ್ನು ಮುಂದೆ ಹಿಡಿದಳು. "ಇಂಗ್ಲಿಷ್ನ್ಯಾಗ ಬಂದದ ನೋಡ್ರಿ. ನಂಗ ಕನ್ನಡ ಓದಾಕ ಬರ್ತದ, ಅದ್ನೇ ಹಾಕ್ರಿ ಅಂತ ಅವತ್ತೇ ಹೇಳಿದ್ದೆ. ಯಾವ್ದೋ ಕಂಪ್ನಿಯವ್ರು ಕಳ್ಸ್ಯಾರ ಅಂತ ಬಿಟ್ಟಿದ್ದೆ."

ನಾನು ಬಗ್ಗಿ ನೋಡಿದೆ. ಆಮೇಲೆ ಕೌಂಟರಿನ ಕಂಪ್ಯೂಟರನ್ನು ನೋಡಿದೆ. ಅದರ ಪರದೆಯೆಲ್ಲ ಇಂಗ್ಲಿಷಿನಲ್ಲಿತ್ತು. ನನ್ನ ಸೊಸೆಯನ್ನು ಮೆಲ್ಲಗೆ ಕೇಳಿದೆ: "ಕನ್ನಡಕ್ಕ ಬ್ಯಾರೆ ಕಡತ ಇಟ್ಟೀಯೇನು?"

"ಇಲ್ರಿ. ಮೂಲ ಕಡತಾನೇ ಕನ್ನಡದ್ದು. ಅದು ನಮ್ ಮನಿ ಮಾತು, ಅದ್ಕ ಅದನ್ನೇ ಬುಡಕ್ಕ ಇಟ್ಟೀನಿ. ನನ್ ಲ್ಯಾಪ್‌ಟಾಪ್ನ್ಯಾಗ ಬರೋಬ್ಬರಿ ಬರ್ತದ ಮಾಮಾ."

ಅವಳ ಲ್ಯಾಪ್‌ಟಾಪು ಕನ್ನಡದಲ್ಲಿತ್ತು, ಅದಕ್ಕೇ ಬರುತ್ತಿತ್ತು. ದವಾಖಾನೆಯ ಸಂದೇಶ ಹೋಗುವುದು ಇಲ್ಲಿಯ ಕಂಪ್ಯೂಟರಿನಿಂದ, ಅದು ಇಂಗ್ಲಿಷಿನದು. ಕನ್ನಡ ಬೇಕೆಂದಾಗ ಫ್ರೇಮ್‌ವರ್ಕ್ ಕನ್ನಡದ ಗುರುತಿರುವ ಕಡತ ಹುಡುಕಿತು, ಸಿಗಲಿಲ್ಲ, ಕಂಪ್ಯೂಟರಿನ ಭಾಷೆಯ ಕಡತ ತೆಗೆದು ಇಂಗ್ಲಿಷ್ ಕಳಿಸಿತು. ಕನ್ನಡದ ಮೂಲ ಕಡತ ಹಿಂದೆ ಸುಮ್ಮನೆ ಕೂತಿತ್ತು. ನಾನು ತೆಗೆದ ಚೌಕದಲ್ಲಿ ಬರೆದಿದ್ದದ್ದು ಇದೇ, ಅಕ್ಷರ ಅಕ್ಷರ. ಒಂದು ಕ್ಷಣ ನನಗೆ ಅದರ ಅಚ್ಚುಕಟ್ಟನ್ನು ಕಂಡು ಬೆರಗಾಯಿತು. ಮರುಕ್ಷಣ ಮುದುಕಿಯ ಮುಖ ಕಂಡಿತು.

ಡಾಕ್ಟರಮ್ಮ ಒಳಗೆ ಕರೆದರು. ಸೊಸೆ ನನ್ನನ್ನು ತೋರಿಸಿ, "ನಮ್ ಮಾಮಾರಿ. ನಾ ಬಳಸೂ ಫ್ರೇಮ್‌ವರ್ಕಿನ ಕೈಪಿಡಿ ಇದ್ಯಲ್ಲ, ಅದನ್ನ ಇವ್ರೇ ತಿದ್ದುತಾರ" ಎಂದಳು. ಅವಳು ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದಳು.

"ಹೌದೇನ್ರಿ? ಈ ವಯಸ್ಸಿನ್ಯಾಗ!" ಎಂದು ಡಾಕ್ಟರಮ್ಮ ಎದ್ದು ಕುರ್ಚಿ ಎಳೆದುಕೊಟ್ಟರು.

ಆ ಕುರ್ಚಿಯಲ್ಲಿ ಕೂತೆ. ಕೂತವನು ಬಾಯಿ ಬಿಡಲಿಲ್ಲ.

ಡಾಕ್ಟರಮ್ಮ ಸೊಸೆಗೆ ಸಿಟ್ಟಿನಿಂದಲ್ಲ, ಬೇಸರದಿಂದ ಹೇಳಿದರು: "ನೋಡವ್ವಾ, ಒಂದಿನದ ಕೂಲಿ ಬಿಟ್ಟು ಬರೂ ಮಂದಿ ಇವ್ರು. ಮೊದ್ಲು ನಮ್ ಹುಡುಗಿ ಫೋನ್ ಹಚ್ಚಿ ಹೇಳ್ತಿದ್ಲು, ಹೈರಾಣ ಆಗ್ತಿದ್ಲು ಖರೆ, ಆದ್ರ ಮಂದಿ ಉಪಾಸ ಬರ್ತಿದ್ರು. ಈ ವಾರ ಮುಗೀಲಿ, ನಿಂದು ಬಂದ್ ಮಾಡಿಬಿಡ್ತೀನಿ."

"ಎಲ್ಲಿ ಗಲತಿ ಆಗ್ಯದ ಗೊತ್ತಾಗವಲ್ದ್ರಿ ಮೇಡಂ. ಕೈಪಿಡಿ ಎರಡೆರಡು ಸಲ ಓದೀನಿ. ನಂದೇ ಎಲ್ಲೋ ತಪ್ಪದ" ಎಂದು ಸೊಸೆ ತಲೆ ತಗ್ಗಿಸಿದಳು.

ಅವಳು ಓದಿದ ಆ ಸಾಲು ನನ್ನದು. ಪಕ್ಕದಲ್ಲೇ ಇದ್ದೆ. ನಾನು ಮಾಡಿದ ಮೊದಲ ತಪ್ಪಿಗೆ ತಿಳಿಯಲಿಲ್ಲವೆಂಬ ನೆಪವಾದರೂ ಇತ್ತು. ಈ ಮೌನಕ್ಕೆ ಯಾವ ನೆಪವೂ ಇಲ್ಲ. ಎಳೆದುಕೊಟ್ಟ ಕುರ್ಚಿಯಿಂದ ಇಳಿಯಲು ಮನಸ್ಸು ಬರಲಿಲ್ಲ, ಅಷ್ಟೇ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಏನೇನೋ ಲೆಕ್ಕ ಹಾಕಿದಳು. ಸಂದೇಶ ಕಳಿಸುವ ಭಾಗವನ್ನೆಲ್ಲ ಬಿಚ್ಚಿ ಹೊಸದಾಗಿ ಬರೆಯುತ್ತೇನೆ, ತಾಂಡೂರಿನ ಬೇಳೆ ಮಿಲ್ಲಿನವರಿಗೆ ಈ ವಾರ ಆಗುವುದಿಲ್ಲ ಎಂದು ಹೇಳುತ್ತೇನೆ ಎಂದಳು. ನಾನು ಕಿಟಕಿಯ ಹೊರಗೆ ಹತ್ತಿಯ ಹೊಲ ನೋಡುತ್ತ ಹೂಂಗುಟ್ಟುತ್ತಿದ್ದೆ. ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಅವಳು, "ನಂಗ ಈ ಕೆಲ್ಸ ಬರಂಗಿಲ್ಲ ಅನಸ್ತದ ಮಾಮಾ" ಎಂದಳು.

ಆಗ ಹೇಳಿದೆ. "ನಿಂದೇನೂ ತಪ್ಪಿಲ್ಲವ್ವಾ. ಆ ಕೈಪಿಡಿಯಾಗ ಒಂದು ಎಚ್ಚರಿಕೆ ಇತ್ತು. ನಾ ತೆಗದೀನಿ."

ಮೊದಲು ನಕ್ಕಳು, ತಮಾಷೆಯೆಂದುಕೊಂಡು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ: ಕಂಪ್ಯೂಟರಿನ ಭಾಷೆ, ಮೂಲ ಕಡತ, ನಾನು ಬರೆದ ವಾಕ್ಯ. ಅವಳ ನಗು ಇಳಿಯಿತು. ಚಹಾದ ಲೋಟ ಕೆಳಗಿಟ್ಟಳು.

"ಇದು ನಿಮಗ ಯಾವಾಗ ತಿಳೀತು?"

"ಫೋನು ನೋಡ್ದಾಗ."

"ಅಂದ್ರ ಡಾಕ್ಟರ್ ಮುಂದ ನಾ ತಲಿ ತಗ್ಗಿಸ್ಕೊಂಡು ಕುಂತಾಗ ನಿಂಗ ಗೊತ್ತಿತ್ತು."

ಮಾತು ಕಲಿತಾಗಿನಿಂದ ನನ್ನನ್ನು ನೀವು ಎಂದು ಕರೆದವಳು, ಅವತ್ತು ನಿಂಗ ಎಂದಳು. ಅದನ್ನು ಅವಳು ಗಮನಿಸಿದಳೋ ಇಲ್ಲವೋ.

"ಗೊತ್ತಿತ್ತು."

"ಎಚ್ಚರಿಕಿ ತೆಗದಿದ್ದಕ್ಕ ನಂಗ ಸಿಟ್ಟಿಲ್ಲ. ನಾನೂ ಕೆಟ್ಟ ಕೋಡ್ ಬರದೀನಿ, ಯಾರೂ ಸತ್ತಿಲ್ಲ. ಬಾಜೂಕ ಕುಂತು ಸುಮ್ಕಿದ್ದಿ ನೋಡು..." ಎಂದು ಮಾತು ಮುಗಿಸದೆ ಎದ್ದಳು. ತಾಂಡೂರಿನ ಬಸ್ಸು ಬಂದಿತ್ತು. ಹತ್ತುವಾಗ ತಿರುಗಿ, "ಸರಿ ಮಾಡೂದು ಒಂದು ಸಾಲಿನ ಕೆಲಸ, ಮನಿಗಿ ಹೋಗಿ ಮಾಡ್ತೀನಿ. ಡಾಕ್ಟರಿಗಿ ಮಾತ್ರ ನೀವೇ ಹೇಳ್ರಿ. ನಾ ಹೇಳಂಗಿಲ್ಲ" ಎಂದಳು. ಈ ಸಲ ನೀವು ಎಂದಿದ್ದಳು. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಮರುದಿನ ಮತ್ತೆ ಖೇಡಕ್ಕೆ ಹೋದೆ. ಡಾಕ್ಟರಮ್ಮ ಪೇಷಂಟುಗಳ ನಡುವೆ ನನ್ನ ಮಾತು ಕೇಳಿಸಿಕೊಂಡರು. ಕೈಪಿಡಿ, ಎಚ್ಚರಿಕೆ, ಪರಿಶೀಲಕರು, ಎಲ್ಲವನ್ನೂ ಹೇಳಿದೆ. ಅರ್ಜಿಯನ್ನು ಅರ್ಧ ಪುಟಕ್ಕೆ ಇಳಿಸುತ್ತಿದ್ದವನಿಗೆ ನನ್ನ ತಪ್ಪನ್ನು ಮಾತ್ರ ಚಿಕ್ಕದು ಮಾಡಲು ಬರಲಿಲ್ಲ.

ಅವರು ಸ್ಟೆತಾಸ್ಕೋಪು ಕೊರಳಿಗೆ ಹಾಕಿಕೊಳ್ಳುತ್ತ, "ತಪ್ಪು ಯಾರ್ದು ಅಂತ ತಿಳ್ಕೊಂಡು ನಾ ಏನ್ ಮಾಡ್ಲಿರಿ?" ಎಂದರು. "ನಂಗ ಬೇಕಾದದ್ದು ಒಂದೇ. ಮಂದಿ ಉಪಾಸ ಬರ್ತಾರೋ ಇಲ್ಲೋ?"

"ಬರ್ತಾರ."

"ನಿನ್ನೆ ಇದೇ ಕುರ್ಚಿಮ್ಯಾಗ ಕುಂತು ಒಂದು ಮಾತೂ ಆಡಲಿಲ್ಲ ನೀವು. ಇವತ್ತು ಬರ್ತಾರ ಅಂದ್ರ ಹ್ಯಾಂಗ ನಂಬ್ಲಿ?" ಎಂದರು. "ಶನಿವಾರ ನಾಗಲಗಿದ್ದದ ಕಡಿ ಮಂದಿ ಬಹಳ ಬರೂದದ. ಅವತ್ತು ನೋಡೂಣು. ಉಂಡು ಬಂದ್ರ ಆತು, ಮುಗೀತು."

ಮನೆಗೆ ಬಂದು ಪರಿಶೀಲಕರಿಗೆ ಬರೆದೆ. ಎಚ್ಚರಿಕೆಯನ್ನು ಮತ್ತೆ ಹಾಕಬೇಕು, ಅದನ್ನು ತೆಗೆಸಿದ್ದು ನಾನು, ಖಚಿತವೇ ಎಂದು ನೀವು ಕೇಳಿದಾಗ ನಾನು ಆ ಪ್ರಶ್ನೆಗೆ ಉತ್ತರಿಸಲಿಲ್ಲ, ಅದರಿಂದ ಒಂದು ದವಾಖಾನೆಯಲ್ಲಿ ಜನ ಬಸ್ಸಿನ ದಾರಿ ಸವೆಸಿ ಸುಮ್ಮನೆ ಮರಳಿದರು ಎಂದು. ಬೈಗುಳ ಬರುತ್ತದೆ, ಇಲ್ಲವೇ ಇನ್ನು ಮುಂದೆ ನನ್ನದೇನನ್ನೂ ತೆಗೆದುಕೊಳ್ಳುವುದಿಲ್ಲ ಎಂಬ ಮಾತು ಬರುತ್ತದೆ ಎಂದು ಕಾದೆ. ಬಂದದ್ದು ಒಂದು ಪ್ರಶ್ನೆ: "ನೀವು ಓಡಿಸಿ ನೋಡಿದಾಗ ತಪ್ಪು ಭಾಷೆಯಲ್ಲೇ ಉತ್ತರ ಬಂದಿರಬೇಕು. ಅದು ನಿಮಗೆ ಸರಿಯೆಂದು ಏಕೆ ತೋರಿತು? ತಿಳಿದರೆ ಎಚ್ಚರಿಕೆಯನ್ನು ಇನ್ನೂ ಚೆನ್ನಾಗಿ ಬರೆಯಬಹುದು."

ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ನಮ್ಮ ಊರಿನಲ್ಲಿ ಹಾಗೆಯೇ ನಡೆಯುತ್ತದೆ ಎಂದು ಬರೆಯಲು ಕೂತೆ. ಆದರೆ ನಿಜವಾಗಿ ಹೇಗೆ ನಡೆಯುತ್ತದೆ ಎಂದು ನಾನು ಎಂದೂ ನೋಡಿಯೇ ಇರಲಿಲ್ಲ. ಕೈಪಿಡಿಯ ಒಂದೊಂದು ಸಾಲನ್ನು ಪರೀಕ್ಷಿಸಿದವನು ನನ್ನ ಬಜಾರನ್ನು ಪರೀಕ್ಷಿಸಿರಲಿಲ್ಲ. ಎದ್ದು ಹೋದೆ. ತರಕಾರಿ ಮಾರುವ ಹೆಂಗಸಿನ ಪಕ್ಕ ಕೂತು ಬಹಳ ಹೊತ್ತು ಕೇಳಿಸಿಕೊಂಡೆ. ಅವಳು ಒಬ್ಬರಿಗೆ ತೆಲುಗಿನಲ್ಲಿ, ಒಬ್ಬರಿಗೆ ಉರ್ದುವಿನಲ್ಲಿ, ನನಗೆ ಕನ್ನಡದಲ್ಲಿ ಮಾತಾಡಿದಳು. ಒಬ್ಬರು ಕನ್ನಡದಲ್ಲಿ ಕೇಳಿದರೂ ತೆಲುಗಿನಲ್ಲಿ ಹೇಳಿದಳು.

"ಅವ್ರು ಕನ್ನಡದಾಗ ಕೇಳಿದ್ರಲ್ಲ, ತೆಲುಗ್ನ್ಯಾಗ ಯಾಕ ಹೇಳ್ದಿ?"

"ಅವ್ರಿಗಿ ತೆಲುಗು ಬರ್ತದ್ರಿ, ನಂಗ ಗೊತ್ತದ."

"ಬರದವ್ರು ಬಂದ್ರ?"

"ಮಾರಿ ನೋಡಿದ್ರ ತಿಳೀತದಲ್ಲಣ್ಣಾ. ತಿಳೀಲಿಲ್ಲ ಅಂದ್ರ ಮಾರಿ ಹಿಂಗ್ ಮಾಡ್ತಾರ" ಎಂದು ಹುಬ್ಬು ಗಂಟಿಕ್ಕಿ ತೋರಿಸಿದಳು. "ಆಗ ಬ್ಯಾರೆ ಭಾಷಾ ಹಚ್ಚೂದು. ನೀವು ಬದನೀಕಾಯಿ ತೊಗೋತೀರೋ, ಬರೀ ಮಾತೇ ಆಡ್ತೀರೋ?"

ಬದನೆಕಾಯಿ ತೆಗೆದುಕೊಂಡು ಬಂದೆ. ಅವಳು ಎದುರಿನವರ ಮುಖ ನೋಡಿ ಭಾಷೆ ಆರಿಸುತ್ತಾಳೆ. ನನ್ನ ಲ್ಯಾಪ್‌ಟಾಪು ತನ್ನ ಮನೆಯ ಭಾಷೆಯನ್ನು ಆರಿಸಿತ್ತು. ಎರಡರಲ್ಲೂ ಕೇಳಿದ ಭಾಷೆ ಒಂದು, ಬಂದ ಭಾಷೆ ಇನ್ನೊಂದು. ಹೊರಗಿನಿಂದ ಒಂದೇ ಥರ ಕಂಡದ್ದರಿಂದ ನಾನು ಮೋಸಹೋಗಿದ್ದೆ. ಇದನ್ನೆಲ್ಲ ಅರ್ಜಿ ಟೈಪ್ ಮಾಡಿ ಕಲಿತ ನನ್ನ ಇಂಗ್ಲಿಷಿನಲ್ಲಿ ಬರೆದೆ. ಪರಿಶೀಲಕರಿಗೆ ಬಹಳ ಹಿಡಿಸಿರಬೇಕು, ಎಂದಿಗಿಂತ ಉದ್ದದ ಉತ್ತರ ಬಂತು. ನಾವಿಬ್ಬರೂ ಸೇರಿ ಆ ಎಚ್ಚರಿಕೆಯನ್ನು ಹೊಸದಾಗಿ ಬರೆದೆವು. ಮೂಲ ಕಡತ ಒಂದು ಭಾಷೆಯಲ್ಲಿ, ಕಂಪ್ಯೂಟರು ಇನ್ನೊಂದು ಭಾಷೆಯಲ್ಲಿ ಇದ್ದಾಗ ಏನಾಗುತ್ತದೆಂದು ಉದಾಹರಣೆ ಕೊಟ್ಟೆವು. ನಿಮ್ಮ ಕಂಪ್ಯೂಟರಿನ ಭಾಷೆಯನ್ನು ಬದಲಿಸಿ ಇನ್ನೊಮ್ಮೆ ಓಡಿಸಿ ನೋಡಿ ಎಂಬ ಸಾಲನ್ನೂ ಸೇರಿಸಿದೆವು. ಮೊದಲಿದ್ದ ಚೌಕಕ್ಕಿಂತ ಅದು ಉದ್ದವಾಯಿತು.

ಅದನ್ನು ಸೊಸೆಗೆ ಕಳಿಸಿದೆ. ಓದಿದ್ದಾಳೆ ಎಂಬ ಗುರುತು ಬಂತು. ಉತ್ತರ ಬರಲಿಲ್ಲ.

ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಖೇಡಕ್ಕೆ ಹೋಗಿ ದವಾಖಾನೆಯ ಬಾಗಿಲ ಬಳಿ ಕೂತೆ. ಯಾರೂ ಕರೆದಿರಲಿಲ್ಲ. ನಾಗಲಗಿದ್ದದ ಬಸ್ಸು ಬಂತು. ಇಳಿದವರಲ್ಲಿ ಒಬ್ಬ ದಪ್ಪ ಮೀಸೆಯ ರೈತ ನೆಟ್ಟಗೆ ನನ್ನ ಬಳಿಗೇ ಬಂದ. ನಾನು ದವಾಖಾನೆಯವನೆಂದು ತಿಳಿದಿರಬೇಕು.

"ಎಷ್ಟೊತ್ತಿಗಿ ತೆಗೀತಾರ್ರಿ ಬಾಗ್ಲಾ? ಹೊಟ್ಟ್ಯಾಗ ಬೆಂಕಿ ಬಿದ್ದದ. ಚಾ ಕೂಡ ಕುಡ್ಯಾಕ ಬಿಡಲಿಲ್ಲ ನಮ್ ಮನ್ಯಾಕಿ, ಫೋನ್ನ್ಯಾಗ ಬರದಾರ, ಕುಡೀಬ್ಯಾಡ ಅಂತ ಲೋಟ ಕಸ್ಕೊಂಡ್ಳು."

"ಯಾವ ಭಾಷಾದಾಗ ಬರ್ದಿತ್ತು?" ಎಂದು ಕೇಳಿದೆ.

"ಯಾವ ಭಾಷಾ ಆದ್ರೇನ್ರಿ, ಹಸಿವು ಹಸಿವೇ. ಕನ್ನಡದಾಗೇ ಇತ್ತು."

ಅವನ ಹಿಂದೆ ಇನ್ನಿಬ್ಬರು, ಆಮೇಲೆ ಒಬ್ಬ ಹೆಂಗಸು ಬಂದರು. ಎಲ್ಲರ ಮುಖವೂ ಬಾಡಿತ್ತು, ಎಲ್ಲರೂ ಸಿಡುಕುತ್ತಿದ್ದರು. ಡಾಕ್ಟರಮ್ಮ ಬಂದು ಒಬ್ಬೊಬ್ಬರನ್ನೇ "ಏನರ ತಿಂದೀರೇನು?" ಎಂದು ಕೇಳುತ್ತ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಿನಿಂದ ತಲೆ ಹೊರಹಾಕಿ, "ಸೊಸಿಗಿ ಫೋನ್ ಹಚ್ರಿ. ಸದ್ಯಕ್ಕ ಬಂದ್ ಮಾಡಂಗಿಲ್ಲ ಅಂತ ಹೇಳ್ರಿ" ಎಂದರು.

ನಾನು ಹಚ್ಚಿದೆ. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದವನೇ, ಈ ಸಲ ನಾನು ಎಲ್ಲಿ ಕೂತಿದ್ದೇನೆ, ಏನೇನು ಕಂಡೆ ಎಂಬುದನ್ನೂ ಒಂದೂ ಬಿಡದೆ ಹೇಳಿದೆ. ಅವಳು ಕೇಳಿಸಿಕೊಂಡಳು. ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು.

"ಆತು" ಎಂದಳು. "ಇನ್ನೂ ಸಿಟ್ಟದ ನಂಗ."

"ಗೊತ್ತದವ್ವಾ."

"ಆ ಎಚ್ಚರಿಕಿ ಓದೀನಿ. ಉದಾಹರಣಿ ಎರಡ್ನೇ ಸಾಲಿನ್ಯಾಗ ಕಡತದ ಹೆಸ್ರು ತಪ್ಪದ. ನನ್ ಲ್ಯಾಪ್‌ಟಾಪ್ನ್ಯಾಗ ಓಡಲಿಲ್ಲ. ನೋಡ್ರಿ ಅದನ್ನ" ಎಂದು ಫೋನ್ ಇಟ್ಟಳು.

ಜಹೀರಾಬಾದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಲ್ಯಾಬಿನಿಂದ ಹೊರಬಂದ ಮೀಸೆಯವನು ಎದುರಿನ ಹೋಟೆಲಿಗೆ ಓಡುತ್ತಿದ್ದ. ನಾನು ಎರಡನೆಯ ಸಾಲಿನಲ್ಲಿ ಏನು ಬರೆದಿದ್ದೆ ಎಂದು ನೆನಪಿಸಿಕೊಳ್ಳಲು ಶುರುಮಾಡಿದೆ.